ಸೋತ ಪಂದ್ಯದ ಲೆಕ್ಕ

ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಕಂಡು ನಗುವುದು ಸುಲಭ. ಆದರೆ ಆ ಬಾಲವನ್ನು ಒಮ್ಮೆ ನಾನೂ ಹಿಡಿದವನೇ. ಹಿಡಿದದ್ದು ತಪ್ಪೆಂದು ತಿಳಿಯಲು ಮೂವತ್ತೈದು ವರ್ಷ ಬೇಕಾಯಿತು, ತಿಳಿದದ್ದಾದರೂ ಎಲ್ಲಿ? ಸಾವಿರಾರು ಮೈಲಿ ಆಚೆ, ನನಗೆ ಗುರುತೇ ಇಲ್ಲದ ಒಂದು ಆಟದ ಹಳೆಯ ಚಿತ್ರವನ್ನು ನೋಡುವಾಗ.

1974ರ ಮಾತು. ನಾನು ಓದುತ್ತಿದ್ದ ಕಾಲೇಜಿನ ಅಂಗಳದಲ್ಲಿ ವಾಲಿಬಾಲ್ ಪಂದ್ಯಾವಳಿ ನಡೆದಿತ್ತು. ಆಡಲು ಬಾರದವರಿಗೆ ಆಟದ ವಿಷಯದಲ್ಲಿ ಅಧಿಕಾರ ದೊರೆಯುವುದು ನಮ್ಮಲ್ಲಿ ಹೊಸದಲ್ಲವಷ್ಟೆ. ಅಂಥ ಒಂದು ಚಿಕ್ಕ ಅಧಿಕಾರ ನನಗೂ ಬಂದಿತ್ತು: ಪಂದ್ಯಾವಳಿಯ ಅತ್ಯುತ್ತಮ ಆಟಗಾರನನ್ನು ಆರಿಸುವ ಮೂವರಲ್ಲಿ ನಾನೊಬ್ಬ. ಕೊನೆಯ ಪಂದ್ಯದ ಐದನೆಯ ಗೇಮಿನ ಹೊತ್ತಿಗೆ ನಾವು ಮೂವರೂ ಒಂದೇ ಹೆಸರನ್ನು ಚೀಟಿಯ ಮೇಲೆ ಬರೆದಾಗಿತ್ತು. ಆತ ಒಂದು ತಂಡದ ಲಿಫ್ಟರ್. ವಾಲಿಬಾಲಿನಲ್ಲಿ ಚಪ್ಪಾಳೆಯೆಲ್ಲ ಹಾರಿ ಹೊಡೆಯುವ ಸ್ಮ್ಯಾಶರಿಗೆ. ಆ ಹೊಡೆತಕ್ಕೆ ತಕ್ಕಂತೆ ಚೆಂಡನ್ನು ಬಲೆಯ ಮೇಲೆ ಹೂವಿನಂತೆ ಎತ್ತಿಕೊಡುವವನನ್ನು ಯಾರೂ ಗಮನಿಸುವುದಿಲ್ಲ. ಈ ಹುಡುಗನನ್ನು ಮಾತ್ರ ಎಲ್ಲರೂ ಗಮನಿಸಿದ್ದರು. ಅಷ್ಟು ಚೆನ್ನಾಗಿ ಆಡಿದ್ದ.

ಎದುರಾಳಿಗಳಿಗೆ 14, ಇವರಿಗೆ 13. ಸರ್ವಿಸ್ ಎದುರಾಳಿಗಳದು. ಬಹಳ ಹೊತ್ತು ಚೆಂಡು ಅತ್ತಿಂದಿತ್ತ ಹಾರಾಡಿತು. ಕೊನೆಗೆ ಕೆಟ್ಟದಾಗಿ ಬಂದ ಒಂದು ಚೆಂಡನ್ನು ಎತ್ತಲು ಹೋಗಿ ಅವನ ಬೆರಳುಗಳಿಗೆ ಅದು ಎರಡು ಸಲ ತಾಗಿತು. ರೆಫರಿ ಸೀಟಿ ಊದಿದ. ಪಂದ್ಯ ಮುಗಿಯಿತು. ಆ ಗದ್ದಲದಲ್ಲಿ ನಮ್ಮಲ್ಲೊಬ್ಬ, ‘ಸೋಲಿಸಿದವನಿಗೇ ಬಟ್ಟಲು ಕೊಟ್ಟರೆ ಜನ ನಗುತ್ತಾರಪ್ಪ’ ಎಂದ. ಚೀಟಿ ನನ್ನ ಕೈಯಲ್ಲಿತ್ತು. ಹೆಸರು ಹೊಡೆದುಹಾಕಿ ಗೆದ್ದ ತಂಡದ ನಾಯಕನ ಹೆಸರು ಬರೆದವನು ನಾನೇ. ಅರ್ಧ ನಿಮಿಷದ ಕೆಲಸ.

ಇನ್ನು ಆ ಹಳೆಯ ಚಿತ್ರದ ಕಥೆ. ನನ್ನ ತಂಗಿಯ ಮಗ ಇಂಗ್ಲೆಂಡಿನ ಲೀಡ್ಸಿನಲ್ಲಿ ಕೆಲಸದಲ್ಲಿದ್ದ. 2009ರಲ್ಲಿ ಅವನ ಮನೆಯಲ್ಲಿ ಒಂದು ತಿಂಗಳಿದ್ದೆ. ಹೊರಗೆ ಮಳೆ, ಒಳಗೆ ನನಗೆ ಕೆಲಸವಿಲ್ಲ. ‘ಮಾವ, ಈ ಊರಿನವರು ಪ್ರಾಣ ಬಿಡುವ ಆಟ ಇದು, ನೋಡಿ’ ಎಂದು ಹುಡುಗ ಒಂದು ಸಂಜೆ ಹಳೆಯ ಪಂದ್ಯವೊಂದರ ಚಿತ್ರ ಹಾಕಿದ. ರಗ್ಬಿ ಲೀಗ್ ಎಂಬ ಆಟದ ಪರಿಚಯ ನನಗಾದದ್ದು ಹೀಗೆ. ನಮ್ಮಲ್ಲಿ ಇದನ್ನು ಬಲ್ಲವರು ವಿರಳವಾದ್ದರಿಂದ ಅದರ ಪೂರ್ವೋತ್ತರವನ್ನು ಕೊಂಚ ಹೇಳುವುದು ಅಗತ್ಯ.

ರಗ್ಬಿ ಮೊದಲು ಒಂದೇ ಆಟವಾಗಿತ್ತು. ಇಂಗ್ಲೆಂಡಿನ ಉತ್ತರ ಭಾಗದ ಗಣಿ ಮತ್ತು ಗಿರಣಿಯೂರುಗಳಲ್ಲಿ ಅದನ್ನು ಆಡುತ್ತಿದ್ದವರು ಕೂಲಿಗಾರರು. ಶನಿವಾರ ಆಟಕ್ಕೆ ಹೋದರೆ ಅರ್ಧ ದಿನದ ಕೂಲಿ ಹೋಯಿತು. ಆ ನಷ್ಟವನ್ನಾದರೂ ತುಂಬಿಕೊಡಿ ಎಂದು ಉತ್ತರದ ಕ್ಲಬ್ಬುಗಳು ಕೇಳಿದವು. ಆಟವೆಂದರೆ ಹಣ ಮುಟ್ಟದ ವಿನೋದ ಎಂದು ನಂಬಿದ್ದ ಆಡಳಿತದವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆ ಮನೆ ಹೂಡಿದವು. 1906ರಲ್ಲಿ ಹದಿನೈದು ಜನರ ತಂಡ ಹದಿಮೂರಕ್ಕೆ ಇಳಿಯಿತು. ಹೀಗೆ ಕೂಲಿಯ ಜಗಳದಿಂದ ಹುಟ್ಟಿದ ಆಟ ಇದು. ಸಮುದ್ರ ದಾಟಿ ಆಸ್ಟ್ರೇಲಿಯದಲ್ಲಿ ಇನ್ನೂ ದೊಡ್ಡದಾಗಿ ಬೆಳೆಯಿತು.

ನಿಯಮಗಳ ಗೋಜಿಗೆ ಹೋಗದೆ ಮುಖ್ಯವಾದುದನ್ನು ಹೇಳುತ್ತೇನೆ. ಚೆಂಡು ಹಿಡಿದವನು ಮುಂದೆ ನುಗ್ಗಬೇಕು. ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎದುರಿನವರು ಅವನನ್ನು ಅಪ್ಪಿ ಕೆಡವುತ್ತಾರೆ. ಕೆಡವಿಸಿಕೊಂಡವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟವನ್ನು ಮತ್ತೆ ಆರಂಭಿಸುತ್ತಾನೆ. ಹೀಗೆ ಎಷ್ಟು ಸಲ ಕೆಡವಿಸಿಕೊಳ್ಳಬಹುದು ಎಂಬುದಕ್ಕೆ ಮಿತಿಯಿದೆ: 1966ರಲ್ಲಿ ನಾಲ್ಕು ಎಂದು ಆರಂಭವಾದದ್ದು 1972ರಲ್ಲಿ ಆರಾಯಿತು. ಆ ಮಿತಿ ಮುಗಿಯುವುದರೊಳಗೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಬೇಕು. ಅದಕ್ಕೆ ‘ಟ್ರೈ’ ಎನ್ನುತ್ತಾರೆ. ಆಗದಿದ್ದರೆ ಚೆಂಡನ್ನು ದೂರ ಒದೆಯಬೇಕು, ಇಲ್ಲವೇ ಎದುರಾಳಿಗೆ ಒಪ್ಪಿಸಬೇಕು.

ಈ ಆರು ಅವಕಾಶಗಳನ್ನು ಹೇಗೆ ಖರ್ಚು ಮಾಡುವುದು ಎಂದು ನಿರ್ಧರಿಸುವವರು ಇಬ್ಬರು. ಒಬ್ಬನ ಬೆನ್ನ ಮೇಲೆ 6, ಇನ್ನೊಬ್ಬನ ಬೆನ್ನ ಮೇಲೆ 7. ಇವರು ಹಾಫ್‌ಬ್ಯಾಕುಗಳು, ಆಟವನ್ನು ಕಟ್ಟುವವರು. ಚೆಂಡನ್ನು ಎಡಕ್ಕೆ ಕೊಡಬೇಕೋ ಬಲಕ್ಕೋ, ಒದೆಯಬೇಕೋ ಓಡಬೇಕೋ, ಇವರ ಕಣ್ಣಳತೆಯ ಮೇಲೆ ನಿಂತಿದೆ. ವಾಲಿಬಾಲಿನ ಲಿಫ್ಟರ್ ಮಾಡುವ ಕೆಲಸವೇ. ಮೈಮೇಲೆ ಬೀಳುವ ಆಳುಗಳ ನಡುವೆ ಮಾಡಬೇಕು, ಅಷ್ಟೇ.

ಇಂಥವನನ್ನು ತೂಗುವುದು ಕಷ್ಟ. ಏಕೆಂದರೆ ಅವನ ಕೆಲಸ ಅರ್ಧ ಇತರರ ಕೈಯಲ್ಲಿದೆ. ಮುಂದಿನ ಸಾಲಿನ ದೈತ್ಯರು ಪ್ರತಿ ನುಗ್ಗಿಗೂ ಹತ್ತು ಗಜ ಗಳಿಸಿಕೊಟ್ಟರೆ, ಎದುರಾಳಿಗಳು ಹಿಂದೆ ಹೆಜ್ಜೆಯಿಡುತ್ತಿರುವಾಗಲೇ ಚೆಂಡು ಇವನ ಕೈ ಸೇರುತ್ತದೆ. ಆಗ ಇವನು ಜಾಣನಾಗಿ ಕಾಣುತ್ತಾನೆ. ಅವರು ಸೋತು ಕುಸಿದರೆ ಚೆಂಡೂ ಎದುರಾಳಿಯೂ ಒಟ್ಟಿಗೆ ಬರುತ್ತಾರೆ. ಅದೇ ಮನುಷ್ಯ ಪೆದ್ದನಾಗಿ ಕಾಣುತ್ತಾನೆ. ಇವನು ಸರಿಯಾದ ಜಾಗಕ್ಕೇ ಎಸೆದ ಚೆಂಡನ್ನು ಹಿಡಿಯಬೇಕಾದವನು ಒಂದು ಹೆಜ್ಜೆ ತಡವಾಗಿ ಬಂದರೆ, ದೂರದಲ್ಲಿ ಕುಳಿತ ನಮಗೆ ಎಸೆದವನದೇ ತಪ್ಪೆನಿಸುತ್ತದೆ. ಇವನ ಒದೆತ ಎಷ್ಟೇ ಚೆನ್ನಾಗಿರಲಿ, ಅದರ ಹಿಂದೆ ಓಡುವವರು ಓಡದಿದ್ದರೆ ಅದು ಎದುರಾಳಿಗೆ ಕೊಟ್ಟ ದಾನ. ಅಡುಗೆ ಕೆಟ್ಟರೆ ಭಟ್ಟನನ್ನು ಬೈಯುತ್ತೇವೆ. ಅಕ್ಕಿ ತಂದವರು ಯಾರೆಂದು ಕೇಳುವುದಿಲ್ಲ.

ಈ ತೂಕದ ಕೆಲಸಕ್ಕೆ ಇಂಗ್ಲೆಂಡಿನಲ್ಲಿ ಒಂದು ಸಂಪ್ರದಾಯವೇ ಇದೆ. ಲಾನ್ಸ್ ಟಾಡ್ ಎಂಬಾತ ನ್ಯೂಜಿಲೆಂಡಿನಿಂದ ಬಂದು ಅಲ್ಲಿ ಆಡಿ, ಮುಂದೆ ಸಾಲ್ಫರ್ಡ್ ತಂಡವನ್ನು ಬೆಳೆಸಿದವನು. 1942ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡ. ಅವನ ನೆನಪಿಗೆ 1946ರಿಂದ ಚಾಲೆಂಜ್ ಕಪ್ಪಿನ ಅಂತಿಮ ಪಂದ್ಯದ ಅತ್ಯುತ್ತಮ ಆಟಗಾರನಿಗೆ ಒಂದು ಪಾರಿತೋಷಕ ಕೊಡುತ್ತ ಬಂದಿದ್ದಾರೆ. ಆರಿಸುವವರು ಆಟದ ಬಗ್ಗೆ ಬರೆಯುವ ಪತ್ರಕರ್ತರು. ಗೆದ್ದ ತಂಡದವನಿಗೇ ಕೊಡಬೇಕೆಂಬ ಷರತ್ತಿಲ್ಲ. ಷರತ್ತಿಲ್ಲದಿರುವುದು ಒಂದು ಮಾತು, ಕೊಡುವ ಧೈರ್ಯ ಇನ್ನೊಂದು ಮಾತು. ಅವರಿಗೆ ಆ ಧೈರ್ಯವಿತ್ತು. 1960ರಲ್ಲಿ ವೇಕ್‌ಫೀಲ್ಡ್ ಟ್ರಿನಿಟಿ ತಂಡ ಹಲ್ ತಂಡವನ್ನು 38–5ರಿಂದ ಪುಡಿಗಟ್ಟಿತು. ಪಾರಿತೋಷಕ ಹೋದದ್ದು ಹಲ್ಲಿನ ಟಾಮಿ ಹ್ಯಾರಿಸ್‌ಗೆ. 1965ರಲ್ಲಿ ವಿಗನ್ ತಂಡ ಹನ್ಸ್‌ಲೆಟ್ ತಂಡವನ್ನು 20–16ರಿಂದ ಸೋಲಿಸಿದಾಗ ಮತಗಳು ಸಮನಾದವು. ಮೊದಲ ಬಾರಿಗೆ ಪಾರಿತೋಷಕ ಇಬ್ಬರ ಪಾಲಾಯಿತು: ಒಬ್ಬ ವಿಗನ್ನಿನ ರೇ ಆಶ್ಬಿ, ಇನ್ನೊಬ್ಬ ಸೋತ ಹನ್ಸ್‌ಲೆಟ್ಟಿನ ಬ್ರಯನ್ ಗ್ಯಾಬಿಟಾಸ್. ಈ ಗ್ಯಾಬಿಟಾಸ್ 6ನೆಯ ಅಂಗಿಯವನು, ಆಟ ಕಟ್ಟುವವನು.

ನನ್ನ ಸೋದರಳಿಯ ಹಾಕಿದ ಚಿತ್ರ 1968ರದು. ಮೇ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ ಲೀಡ್ಸ್ ಮತ್ತು ವೇಕ್‌ಫೀಲ್ಡ್ ಟ್ರಿನಿಟಿ ಎದುರುಬದುರು. ವೇಕ್‌ಫೀಲ್ಡ್ ಒಂದು ವಾರದ ಹಿಂದಷ್ಟೇ ಲೀಗ್ ಚಾಂಪಿಯನ್ ಪಟ್ಟ ಗೆದ್ದಿತ್ತು. ಕಪ್ಪೂ ಬಂದರೆ ಒಂದೇ ವರ್ಷದಲ್ಲಿ ಎರಡು ಕಿರೀಟ. ಅವರ ಪರವಾಗಿ ಎಂದೂ ಗೋಲು ಒದೆಯುತ್ತಿದ್ದವನು ನೀಲ್ ಫಾಕ್ಸ್; ಮುಂದೆ 6,220 ಅಂಕಗಳನ್ನು ಗಳಿಸಿ ಆ ಆಟದ ದಾಖಲೆ ಬರೆದವನು. ಆ ದಿನ ಆತ ಗಾಯಗೊಂಡು ಹೊರಗಿದ್ದ. ಒದೆಯುವ ಹೊಣೆ ಅಣ್ಣ ಡಾನ್ ಫಾಕ್ಸ್‌ನ ಮೇಲೆ ಬಿತ್ತು.

ಡಾನ್ ಫಾಕ್ಸ್ ವೇಕ್‌ಫೀಲ್ಡಿನ ಬಳಿಯ ಶಾರ್ಲ್‌ಸ್ಟನ್ ಎಂಬ ಗಣಿಹಳ್ಳಿಯವನು. ಹುಟ್ಟಿದ್ದು 1935ರಲ್ಲಿ. ಫೆದರ್‌ಸ್ಟೋನ್ ತಂಡದಲ್ಲಿ ಹನ್ನೆರಡು ವರ್ಷ ಆಡಿದ. ಬಹುಕಾಲ 7ನೆಯ ಜಾಗದಲ್ಲಿ, ಆಟ ಕಟ್ಟುವವನಾಗಿ. ಆ ತಂಡದ ಪರ 162 ಟ್ರೈಗಳನ್ನು ಗಳಿಸಿದ. ವಯಸ್ಸಾಗಿ ಮೈ ಭಾರವಾದ ಮೇಲೆ ವೇಕ್‌ಫೀಲ್ಡಿಗೆ ಬಂದು ಮುಂದಿನ ಸಾಲಿನಲ್ಲಿ ನಿಂತ. ಜಾಗ ಬದಲಾಯಿತು, ಕೈಚಳಕ ಬದಲಾಗಲಿಲ್ಲ. ಹಳೆಯ ಸಂಗೀತಗಾರ ಸಭೆಯ ಯಾವ ಮೂಲೆಯಲ್ಲಿ ಕುಳಿತರೂ ತಾಳ ಅವನದೇ ಅಲ್ಲವೇ?

ಪಂದ್ಯದ ದಿನ ಲಂಡನ್ನಿನಲ್ಲಿ ಗುಡುಗು ಮಳೆ. ಮೈದಾನ ಕೆರೆಯಾಯಿತು. ಜಾರಿದ ಆಟಗಾರ ಹತ್ತು ಗಜ ನೀರು ಹಾರಿಸಿಕೊಂಡು ಹೋಗಿ ನಿಲ್ಲುತ್ತಿದ್ದ. ಎಂಬತ್ತೇಳು ಸಾವಿರ ಜನ ನೋಡುತ್ತಿದ್ದರು. ಚೆಂಡನ್ನು ಹಿಡಿಯುವುದೇ ಕಷ್ಟವಾದ ಆ ನೀರಿನಲ್ಲಿ ಡಾನ್ ಫಾಕ್ಸ್ ಸಮಾಧಾನದಿಂದ ಆಡಿದ. ಎರಡು ಗೋಲುಗಳನ್ನು ಒದೆದ. ಆಗ ಟ್ರೈಗೆ 3 ಅಂಕ, ಗೋಲಿಗೆ 2. ಅರ್ಧವೇಳೆಗೆ ವೇಕ್‌ಫೀಲ್ಡ್ 7–4ರಿಂದ ಮುಂದಿತ್ತು. ಉತ್ತರಾರ್ಧದಲ್ಲಿ ಲೀಡ್ಸಿನ ಜಾನ್ ಅಟ್ಕಿನ್‌ಸನ್‌ನನ್ನು ಅಡ್ಡಗಟ್ಟಿದರೆಂದು ರೆಫರಿ ಒಂದು ಪೆನಾಲ್ಟಿ ಟ್ರೈ ಕೊಟ್ಟ. ಅದು ಸರಿಯೋ ತಪ್ಪೋ ಎಂಬ ವಾದ ಇಂದಿಗೂ ನಿಂತಿಲ್ಲ. ಲೀಡ್ಸಿನ ಬೆವ್ ರಿಸ್ಮನ್ ಅದರ ಮೇಲಿನ ಗೋಲನ್ನೂ ಒದೆದ. ಪಂದ್ಯದ ಕೊನೆಗೆ ಅವನದೇ ಇನ್ನೊಂದು ಪೆನಾಲ್ಟಿ ಗೋಲು, 11–7. ಮುಗಿಯಿತೆಂದು ಎಲ್ಲರೂ ಅಂದುಕೊಂಡರು.

ಮುಗಿದಿರಲಿಲ್ಲ. ಆಟ ಮತ್ತೆ ಆರಂಭವಾದೊಡನೆ ವೇಕ್‌ಫೀಲ್ಡಿನ ಕೆನ್ ಹರ್ಸ್ಟ್ ನೀರಿನಲ್ಲಿ ಜಾರುತ್ತಿದ್ದ ಚೆಂಡನ್ನು ಕಾಲಿನಿಂದ ತಳ್ಳುತ್ತ ತಳ್ಳುತ್ತ ಓಡಿ ಗೋಲುಕಂಬಗಳ ಬಳಿಯೇ ನೆಲಕ್ಕೆ ಒತ್ತಿದ. 11–10. ಟ್ರೈ ಆದ ಮೇಲೆ ಒಂದು ಒದೆತದ ಅವಕಾಶವಿರುತ್ತದೆ. ಕಂಬಗಳ ನಡುವೆ ಹೋದರೆ 2 ಅಂಕ. ಹೋದರೆ 12–11, ಕಪ್ ವೇಕ್‌ಫೀಲ್ಡಿನದು. ಕಂಬಗಳ ಎದುರಿಗೇ ಚೆಂಡು. ಬೇರೆ ದಿನವಾದರೆ ಡಾನ್ ಫಾಕ್ಸ್ ಮಾತಾಡುತ್ತಲೇ ಒದೆದುಬಿಡಬಹುದಾದ ದೂರ. ಆತ ಬಂದ, ಒದೆದ. ಚೆಂಡು ಬಲಕ್ಕೆ ಸರಿದು ಕಂಬದ ಆಚೆ ಹೋಯಿತು. ದೊಡ್ಡ ಆಳು ನೆಲಕ್ಕೆ ಕುಸಿದ. ದೂರದರ್ಶನದಲ್ಲಿ ಪಂದ್ಯವನ್ನು ಬಣ್ಣಿಸುತ್ತಿದ್ದ ಎಡ್ಡಿ ವೇರಿಂಗ್‌ನ ಬಾಯಿಂದ ಆ ಕ್ಷಣ ಬಂದದ್ದು ಕನಿಕರದ ಮಾತೇ ಹೊರತು ವಿಮರ್ಶೆಯಲ್ಲ.

ನನ್ನ ಎದೆ ಧಸಕ್ಕೆಂದದ್ದು ಇದಾದ ಮೇಲೆ. ಆ ದಿನದ ಲಾನ್ಸ್ ಟಾಡ್ ಪಾರಿತೋಷಕ ಯಾರಿಗೆ ಗೊತ್ತೇ ಎಂದು ಹುಡುಗ ಕೇಳಿದ. ರಿಸ್ಮನ್ ಇರಬೇಕು ಎಂದೆ. ಅಲ್ಲ, ಡಾನ್ ಫಾಕ್ಸ್‌ಗೆ. ಪತ್ರಕರ್ತರ ಮತ ಆ ಕೊನೆಯ ಒದೆತಕ್ಕಿಂತ ಮೊದಲೇ ಬಿದ್ದಾಗಿತ್ತು. ಬಿದ್ದ ಮತವನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನಗೆ ನಮ್ಮ ಚೀಟಿ ನೆನಪಾಯಿತು. ನಾವೂ ಕೊನೆಯ ಕ್ಷಣಕ್ಕೆ ಮೊದಲೇ ಬರೆದಿದ್ದೆವು, ಆದರೆ ಹೊಡೆದುಹಾಕಿದೆವು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಅದು ಪತ್ರಕರ್ತರ ನ್ಯಾಯಬುದ್ಧಿಯಲ್ಲ, ಗಡಿಯಾರದ ಆಕಸ್ಮಿಕ. ಒದೆತವನ್ನು ನೋಡಿದ ಮೇಲೆ ಮತ ಹಾಕಿದ್ದರೆ ಅವರೂ ನಿಮ್ಮಂತೆಯೇ ಮಾಡುತ್ತಿದ್ದರು ಎನ್ನಬಹುದು. ಇರಬಹುದು. ಹಾಗಾದರೆ ಒದೆತವನ್ನೂ ಸೇರಿಸಿಯೇ ಲೆಕ್ಕ ನೋಡೋಣ. ವೇಕ್‌ಫೀಲ್ಡ್ ಗಳಿಸಿದ 10 ಅಂಕಗಳಲ್ಲಿ 4 ಡಾನ್ ಫಾಕ್ಸ್‌ನ ಕಾಲಿನವು. ಉಳಿದ 6 ಹರ್ಸ್ಟ್‌ನ ಎರಡು ಟ್ರೈಗಳವು. ಲೀಡ್ಸಿನ 11ರಲ್ಲಿ 8 ಅಂಕ ರಿಸ್ಮನ್ನಿನ ನಾಲ್ಕು ಗೋಲುಗಳು, 3 ಅಂಕ ಆ ಪೆನಾಲ್ಟಿ ಟ್ರೈ. ಓಡಿ ಗಳಿಸಿದ ಟ್ರೈ ಲೀಡ್ಸಿಗೆ ಒಂದೂ ಇಲ್ಲ. ರಿಸ್ಮನ್ನಿಗೆ ಕೊನೆಯ ಪೆನಾಲ್ಟಿ ದೊರೆಯದಿದ್ದರೆ ಫಾಕ್ಸ್ ಆ ಒದೆತ ಒದೆಯುವ ಹೊತ್ತಿಗೆ ವೇಕ್‌ಫೀಲ್ಡೇ ಮುಂದಿರುತ್ತಿತ್ತು. ಸೋಲು ಎಂಬುದು ಎಂಬತ್ತು ನಿಮಿಷಗಳಲ್ಲಿ ಹಲವರು ಸೇರಿ ಮಾಡಿದ ಸಾಲ. ಕೊನೆಯ ಕಂತು ಕಟ್ಟಲಾಗದವನನ್ನು ಹಿಡಿದು ಸಾಲವೆಲ್ಲ ಅವನದೇ ಎನ್ನುವುದು ಸಾಹುಕಾರರ ನ್ಯಾಯ.

ಆ ನ್ಯಾಯವೇ ನಡೆಯಿತು. ಪಂದ್ಯ ಮುಗಿದೊಡನೆ ಪಾರಿತೋಷಕದ ಸುದ್ದಿ ಡಾನ್ ಫಾಕ್ಸ್‌ಗೆ ತಲುಪಿತು. ಆ ಹೊತ್ತಿನಲ್ಲಿ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ. ಮುಂದೆ ನಾಲ್ಕು ದಶಕ ಆ ಒಂದು ಒದೆತವನ್ನು ದೂರದರ್ಶನದಲ್ಲಿ ಮತ್ತೆ ಮತ್ತೆ ತೋರಿಸಿದರು. 162 ಟ್ರೈಗಳ ಮನುಷ್ಯ ‘ಆ ಗೋಲು ತಪ್ಪಿಸಿದವನು’ ಆದ. 2008ರ ಆಗಸ್ಟಿನಲ್ಲಿ ಆತ ತೀರಿಕೊಂಡಾಗಲೂ ಜನರ ನೆನಪಿಗೆ ಮೊದಲು ಬಂದದ್ದು ಆ ಒದೆತವೇ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಆದರೆ ಒಂದೇ ಸತ್ಯವನ್ನು ಸಾವಿರ ಸಲ ಹೇಳಿ ಉಳಿದ ಸತ್ಯಗಳನ್ನು ಹೇಳದೆ ಬಿಟ್ಟರೆ ಅದೂ ಸುಳ್ಳಿನ ನೆರೆಯೇ.

ನಮಗೇನು ಈ ರೋಗ ಹೊಸದೇ? 1999ರ ಜನವರಿ 31ರಂದು ಚೆನ್ನೈಯ ಚೆಪಾಕಿನಲ್ಲಿ ಪಾಕಿಸ್ತಾನದ ವಿರುದ್ಧ 271 ರನ್ ಬೇಕಾಗಿತ್ತು. 82ಕ್ಕೆ ಐವರು ಹೋದ ಮೇಲೆ ಬೆನ್ನುನೋವಿನಲ್ಲೇ ನಿಂತು 136 ಹೊಡೆದ ಸಚಿನ್ ತೆಂಡೂಲ್ಕರ್ ಇನ್ನು 17 ಬೇಕೆನ್ನುವಾಗ ಔಟಾದರು. ಉಳಿದ ಮೂರು ವಿಕೆಟುಗಳು 4 ರನ್ನಿನಲ್ಲಿ ಉರುಳಿದವು: ಜೋಶಿ, ಕುಂಬ್ಳೆ, ಶ್ರೀನಾಥ್, ಮೂವರೂ ನಮ್ಮವರೇ. ಸಚಿನ್ ಮುಗಿಸಲಿಲ್ಲ ಎಂದು ಕೆಲವರು, ನಮ್ಮ ಹುಡುಗರು ಹದಿನೇಳು ರನ್ ಹೊಡೆಯಲಾರದೆ ಹೋದರು ಎಂದು ಕೆಲವರು. ಇದೇ ಪಂದ್ಯದ ಮೊದಲ ಇನ್ನಿಂಗ್ಸಿನಲ್ಲಿ ಕುಂಬ್ಳೆ 70 ರನ್ನಿಗೆ 6 ವಿಕೆಟ್ ಪಡೆದಿದ್ದರು; ಎರಡನೆಯದರಲ್ಲಿ ವೆಂಕಟೇಶ ಪ್ರಸಾದ್ 33ಕ್ಕೆ 6. ಆ ಹನ್ನೆರಡು ವಿಕೆಟುಗಳಿಲ್ಲದಿದ್ದರೆ 271ರ ಗುರಿಯ ಮಾತೇ ಏಳುತ್ತಿರಲಿಲ್ಲ. ಪಂದ್ಯಪುರುಷ ಪ್ರಶಸ್ತಿ ಸೋತ ಸಚಿನ್‌ರಿಗೇ ಬಂತು. ಅಷ್ಟರಮಟ್ಟಿಗೆ ಆರಿಸಿದವರು ನಮ್ಮ ಕಾಲೇಜಿನ ಸಮಿತಿಗಿಂತ ಮೇಲು.

ಮತ್ತೆ ರಗ್ಬಿ ಲೀಗಿಗೆ ಬರೋಣ. ಆಸ್ಟ್ರೇಲಿಯದಲ್ಲೂ ಇಂಥದೇ ಗೌರವವಿದೆ: 1986ರಿಂದ ಅಂತಿಮ ಪಂದ್ಯದ ಶ್ರೇಷ್ಠನಿಗೆ ಕ್ಲೈವ್ ಚರ್ಚಿಲ್ ಪದಕ. ಈ ಚರ್ಚಿಲ್ ರಾಜಕಾರಣಿಯಲ್ಲ, 1985ರಲ್ಲಿ ತೀರಿಕೊಂಡ ದೊಡ್ಡ ಆಟಗಾರ. ಸೋತ ತಂಡದವರಿಗೆ ಈ ಪದಕ ದೊರೆತದ್ದು ಬಲು ಅಪರೂಪ; ಅವರಲ್ಲಿ ಇಬ್ಬರು ಆಟ ಕಟ್ಟುವವರು. 2013ರಲ್ಲಿ ಮ್ಯಾನ್ಲಿ ತಂಡ ಉತ್ತರಾರ್ಧದಲ್ಲಿ 18–8ರಿಂದ ಮುಂದಿದ್ದು, ಸಿಡ್ನಿ ರೂಸ್ಟರ್ಸ್ ಎದುರು 26–18ಕ್ಕೆ ಸೋತಿತು. ಮುನ್ನಡೆ ಕಳೆದುಕೊಂಡ ತಂಡದಲ್ಲಿ ಮೊದಲ ಬೈಗುಳ ಚುಕ್ಕಾಣಿ ಹಿಡಿದವನಿಗೆ ತಾನೇ? ಆದರೂ ಪದಕ ಹೋದದ್ದು ಮ್ಯಾನ್ಲಿಯ 7ನೆಯ ಅಂಗಿಯ ಡ್ಯಾಲಿ ಚೆರ್ರಿ-ಇವಾನ್ಸ್‌ಗೆ.

ಇನ್ನೊಂದು 2019ರದು, ಅದು ಇನ್ನೂ ವಿಚಿತ್ರ. ಕ್ಯಾನ್‌ಬೆರಾ ಮತ್ತು ರೂಸ್ಟರ್ಸ್ 8–8ರಲ್ಲಿ ಸಮ. ಕೊನೆಯ ಹತ್ತು ನಿಮಿಷದ ಸುಮಾರಿಗೆ, ಎಣಿಕೆ ಮತ್ತೆ ಮೊದಲಿನಿಂದ ಎಂದು ರೆಫರಿ ಕೈಯೆತ್ತಿ ಸೂಚಿಸಿದ. ಅಂದರೆ ಕ್ಯಾನ್‌ಬೆರಾಕ್ಕೆ ಹೊಸದಾಗಿ ಆರು ಅವಕಾಶ. ಮರುಗಳಿಗೆಯಲ್ಲೇ ಆ ಸೂಚನೆಯನ್ನು ಹಿಂದಕ್ಕೆ ಪಡೆದ. ಇನ್ನೂ ಅವಕಾಶಗಳಿವೆ ಎಂದು ಚೆಂಡು ಹಿಡಿದು ಕೆಡವಿಸಿಕೊಂಡವನು 6ನೆಯ ಅಂಗಿಯ ಜ್ಯಾಕ್ ವೈಟನ್. ಅವಕಾಶ ಮುಗಿದಿತ್ತು, ಚೆಂಡು ಎದುರಾಳಿಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ರೂಸ್ಟರ್ಸಿನ ಟ್ರೈ; 14–8. ಹಾಳೆಯ ಮೇಲೆ ನೋಡಿದರೆ ಅದು ವೈಟನ್ನಿನ ತಪ್ಪು: ಕೊನೆಯ ಅವಕಾಶದಲ್ಲಿ ಒದೆಯಬೇಕಾದವನು ಒದೆಯಲಿಲ್ಲ. ಆದರೆ ಒಬ್ಬನ ನಿರ್ಧಾರವನ್ನು ತೂಗಬೇಕಾದರೆ ಆ ಗಳಿಗೆಯಲ್ಲಿ ಅವನಿಗೆ ಏನು ಗೊತ್ತಿತ್ತು ಎಂದು ಕೇಳಬೇಕು. ಆಮೇಲೆ ನಮಗೆ ಏನು ಗೊತ್ತಾಯಿತು ಎಂದಲ್ಲ. ಕ್ಯಾನ್‌ಬೆರಾದ ಒಂದೇ ಟ್ರೈ ಗಳಿಸಿದ್ದ ವೈಟನ್‌ಗೇ ಆ ವರ್ಷದ ಪದಕ ಬಂತು.

ಇಷ್ಟು ಹೇಳಿದ್ದರಿಂದ ನಾನು ಸೋತವರ ವಕೀಲನಾಗಿ ನಿಂತಿದ್ದೇನೆಂದು ತಿಳಿಯಬಾರದು. ಸೋತವನಿಗೆ ಕನಿಕರದ ಬಹುಮಾನ ಕೊಡುವುದೂ ಅನ್ಯಾಯವೇ; ಅದು ಗೆದ್ದವರಲ್ಲಿ ಚೆನ್ನಾಗಿ ಆಡಿದವನಿಂದ ಕದ್ದ ಬಹುಮಾನ. ಡಾನ್ ಫಾಕ್ಸ್ ಗೋಲು ತಪ್ಪಿಸಿದ್ದು ನಿಜ. ಮಳೆ, ಕೆಸರು, ರೆಫರಿ ಎಂದು ನೆಪ ಹುಡುಕಿ ಅದನ್ನು ಅಳಿಸಬೇಕಾಗಿಲ್ಲ. ಅದನ್ನು ಅವನ ಲೆಕ್ಕದಲ್ಲಿ ಬರೆಯೋಣ. ಆದರೆ ಆ ಪುಟವನ್ನೇ ಪುಸ್ತಕವೆನ್ನದಿರೋಣ. ತಂಡದ ಫಲಿತಾಂಶ ಒಂದು ಖಾತೆ, ಆಟಗಾರನ ಯೋಗ್ಯತೆ ಇನ್ನೊಂದು ಖಾತೆ. ಅವನ ಕೈಗೆ ಎಂಥ ಚೆಂಡು ಬಂತು, ಅದರಿಂದ ಅವನು ಏನು ಮಾಡಲು ಯೋಚಿಸಿದ, ಯೋಚಿಸಿದ್ದನ್ನು ಎಷ್ಟು ಮಾಡಿದ, ಅವನು ಮಾಡಿಕೊಟ್ಟದ್ದನ್ನು ಉಳಿದವರು ಏನು ಮಾಡಿದರು—ಈ ನಾಲ್ಕನ್ನು ಕೇಳಿದ ಮೇಲೂ ಅವನು ಹಗುರವಾಗಿ ತೂಗಿದರೆ, ಧಾರಾಳವಾಗಿ ಬೈಯಬಹುದು. ಕೇಳದೆ ಬೈಯುವುದು ಮಾತ್ರ ಸಲ್ಲದು.

ಕನ್ನಡದವರಿಗೆ ಈ ಪಾಠವನ್ನು ಯಾರ್ಕ್‌ಷೈರಿನಿಂದ ಕಲಿಯಬೇಕಾದ ಅಗತ್ಯವಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆದ ಮಾತು. ಪಂಪನ ಭಾರತದಲ್ಲಿ ನಾಯಕ ಅರ್ಜುನ. ತನ್ನ ದೊರೆ ಅರಿಕೇಸರಿಯನ್ನೇ ಕವಿ ಅರ್ಜುನನಲ್ಲಿ ಕಂಡವನು. ಆದರೂ ಕರ್ಣನ ಸರದಿ ಬಂದಾಗ ಅವನ ಲೇಖನಿ ಕೈ ಹಿಡಿದು ಬರೆಯಲಿಲ್ಲ. ಸೋತು ಸತ್ತ ಕರ್ಣನಿಗೆ ಸಲ್ಲಬೇಕಾದುದನ್ನು ಗೆದ್ದವನ ಆಸ್ಥಾನದಲ್ಲೇ ಕುಳಿತು ಸಲ್ಲಿಸಿದ. ರನ್ನನ ಗದಾಯುದ್ಧದಲ್ಲಿ ಗೆಲ್ಲುವವನು ಭೀಮ. ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನ. ಅವನ ತಪ್ಪುಗಳಲ್ಲಿ ಒಂದನ್ನೂ ರನ್ನ ಮುಚ್ಚಿಡುವುದಿಲ್ಲ; ಆದರೆ ಸೋತನೆಂಬ ಕಾರಣಕ್ಕೆ ಅವನ ಛಲವನ್ನೂ ಮೋಟುಮಾಡುವುದಿಲ್ಲ. ಸಾವಿರ ವರ್ಷದ ಹಿಂದೆಯೇ ನಮ್ಮ ಕವಿಗಳು ಇಟ್ಟಿದ್ದ ತಕ್ಕಡಿ ಇದು. ತರಗತಿಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದ ನಾನು, ಅಂಗಳಕ್ಕೆ ಬಂದಾಗ ಮನೆಯಲ್ಲೇ ಬಿಟ್ಟು ಬಂದಿದ್ದೆ.

ನಮ್ಮ ಲಿಫ್ಟರ್‌ನನ್ನು ಕೆಲವು ವರ್ಷಗಳ ಹಿಂದೆ ಒಂದು ಮದುವೆ ಮನೆಯಲ್ಲಿ ಕಂಡೆ. ತಲೆ ಬೆಳ್ಳಗಾಗಿತ್ತು, ಬೆರಳುಗಳು ಮಾತ್ರ ಹಾಗೆಯೇ ನೀಳವಾಗಿದ್ದವು. ಪಕ್ಕದಲ್ಲೇ ಊಟಕ್ಕೆ ಕುಳಿತೆವು. ಹಳೆಯ ಪಂದ್ಯಾವಳಿಯ ಮಾತು ಬಂತು. ‘ನನ್ನಿಂದಲೇ ಹೋಯಿತಲ್ಲ ಸಾರ್, ಆ ಡಬಲ್ ಟಚ್’ ಎಂದು ನಕ್ಕರು. ನಲವತ್ತು ವರ್ಷದ ಮೇಲೂ ಅವರಿಗೆ ನೆನಪಿದ್ದುದು ಅದೊಂದೇ. ಚೀಟಿಯ ವಿಷಯ ನಾಲಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಬಡಿಸುವವರು ಹೋಳಿಗೆ ತಂದರು, ಯಾರೋ ಅವರನ್ನು ಮಾತಾಡಿಸಿದರು, ಹೇಳುವುದು ಉಳಿದುಹೋಯಿತು. ಉಳಿದುಹೋಯಿತು ಎನ್ನುವುದಕ್ಕಿಂತ ಉಳಿಸಿದೆ ಎನ್ನುವುದು ನಿಜ.

ಆ ಬಟ್ಟಲು ಈಗ ಯಾರ ಅಟ್ಟದ ಮೇಲಿದೆಯೋ ತಿಳಿಯದು. ಅದನ್ನು ಮರಳಿ ತರಿಸುವುದು ನನ್ನಿಂದಾಗದ ಕೆಲಸ. ಆದರೆ ಅವರು ಈ ಪತ್ರಿಕೆಯ ಓದುಗರೆಂದು ಬಲ್ಲೆ. 1974ರ ಆ ಸಂಜೆ, ಕೊನೆಯ ಸೀಟಿ ಊದುವ ಮುನ್ನ, ಆ ಚೀಟಿಯ ಮೇಲೆ ಮೂವರ ಒಮ್ಮತದಿಂದ ಇದ್ದ ಹೆಸರು ಅವರದೇ. ಅದನ್ನು ಹೊಡೆದುಹಾಕಿದ ಕೈಯೇ ಇದನ್ನೂ ಬರೆಯುತ್ತಿದೆ.